ಲೆವೆಲ್ 1ರ ಮೇಷ್ಟ್ರು

ನನ್ನ ಹತ್ತಿರ ಜೇನು ಸಾಕಾಣಿಕೆಯ ಪ್ರಮಾಣಪತ್ರವಿದೆ. ಜೇನುನೊಣ ಕಿವಿಯ ಹತ್ತಿರ ಗುಂಯ್ ಅಂದರೆ ಪಂಚೆ ಎತ್ತಿಕೊಂಡು ಓಡುವ ಪೈಕಿ ನಾನು. ಬೌದ್ಧಿಕ ಆಸ್ತಿ ಹಕ್ಕಿನದೊಂದು, ಯೋಗದ್ದೊಂದು, ಗ್ರಂಥಾಲಯ ವಿಜ್ಞಾನದ್ದೂ ಒಂದು ಇವೆ. ಎಲ್ಲವೂ 2020ರ ಬೆಳೆ. ಕೊರೊನಾದಿಂದ ಕಾಲೇಜು ಮುಚ್ಚಿದ್ದ ಆ ತಿಂಗಳುಗಳಲ್ಲಿ ಮೇಷ್ಟ್ರುಗಳ ವಾಟ್ಸ್‌ಆ್ಯಪ್ ಗುಂಪಿಗೆ ಬೆಳಗಾದರೆ ಯಾವುದೋ ಊರಿನ ಯಾವುದೋ ಕಾಲೇಜಿನ ಇ-ಕ್ವಿಜ್ ಬಂದು ಬೀಳುತ್ತಿತ್ತು. ಗೂಗಲ್ ಫಾರ್ಮಿನಲ್ಲಿ ಇಪ್ಪತ್ತೈದು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಅಷ್ಟೋ ಇಷ್ಟೋ ಅಂಕ ಬಂದರೆ ಬಣ್ಣದ ಅಂಚಿನ ಪ್ರಮಾಣಪತ್ರ ತಾನಾಗಿಯೇ ಇಮೇಲಿಗೆ ಬರುತ್ತಿತ್ತು. ಬರಲಿಲ್ಲವೋ, ಇನ್ನೊಮ್ಮೆ ಬರೆದರಾಯಿತು. ಕಾಫಿ ಆರುವುದರೊಳಗೆ ನಾನು ಒಂದು ವಿಷಯದಲ್ಲಿ ಪಾರಂಗತನಾಗಿರುತ್ತಿದ್ದೆ. ಅವನ್ನೆಲ್ಲ ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಹಾಳೆಯ ಫೈಲಿಗೆ ಸೇರಿಸಿದೆ. ಬಡ್ತಿಗೆ ಇವು ಲೆಕ್ಕಕ್ಕಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಸೇರಿಸಿದೆ. ಫೈಲು ದಪ್ಪಗಾಗುವುದನ್ನು ನೋಡುವುದೂ ಒಂದು ಸುಖವೇ.

ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಮುಂದೆ ಮಾಡಿದ್ದನ್ನು ಯಾರೂ ನನ್ನ ಕೈಯಲ್ಲಿ ಬಲವಂತವಾಗಿ ಮಾಡಿಸಲಿಲ್ಲ. ರುಚಿ ಹತ್ತಿತ್ತು.

ನಾನಿರುವುದು ಕೊಬ್ಬರಿ ವ್ಯಾಪಾರದ ಒಂದು ತಾಲ್ಲೂಕು ಕೇಂದ್ರದಲ್ಲಿ. ಅಲ್ಲಿಯ ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಮೇಷ್ಟ್ರು. ಕಂಪ್ಯೂಟರ್ ಆನ್ ಮಾಡಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಆನ್‌ಲೈನ್ ಅನ್ನುವ ಪದ ಸೇರಿದ ಪ್ರತಿ ಜವಾಬ್ದಾರಿಯೂ ನನ್ನ ತಲೆಗೆ ಬಂದಿತ್ತು. ಡಿಜಿಟಲ್ ಬ್ಯಾಡ್ಜ್ ಎಂಬುದನ್ನು ಮೊದಲು ಕೇಳಿದ್ದು ಅಂಥದ್ದೇ ಒಂದು ಕಾರ್ಯಾಗಾರದಲ್ಲಿ. ಸಂಪನ್ಮೂಲ ವ್ಯಕ್ತಿಗಳು ಚೆನ್ನಾಗಿಯೇ ವಿವರಿಸಿದರು. ಅಮೆರಿಕದ ಮೊಜಿಲ್ಲಾ ಸಂಸ್ಥೆ 2011ರಲ್ಲಿ ಮ್ಯಾಕಾರ್ಥರ್ ಪ್ರತಿಷ್ಠಾನದ ನೆರವಿನಿಂದ ಓಪನ್ ಬ್ಯಾಡ್ಜ್ ಎಂಬ ಯೋಜನೆ ಶುರುಮಾಡಿತು. ನೋಡುವುದಕ್ಕೆ ಅದೊಂದು ಸಣ್ಣ ಚಿತ್ರ, ಆದರೆ ಚಿತ್ರದ ಒಡಲಲ್ಲೇ ಮಾಹಿತಿ ಅಡಗಿರುತ್ತದೆ. ಯಾರು ಕೊಟ್ಟರು, ಯಾರಿಗೆ, ಯಾವತ್ತು, ಪಡೆಯುವುದಕ್ಕೆ ಏನು ಮಾಡಬೇಕಿತ್ತು, ಮಾಡಿದ್ದಕ್ಕೆ ಸಾಕ್ಷ್ಯವೇನು. ಯಾರು ಬೇಕಾದರೂ ಅದರ ಮೇಲೆ ಕ್ಲಿಕ್ ಮಾಡಿ ನೋಡಬಹುದು. ಅಂಕಪಟ್ಟಿಯಲ್ಲಿ ‘ಹಣಕಾಸು ಲೆಕ್ಕಶಾಸ್ತ್ರ, 62’ ಎಂದಿದ್ದರೆ ಆ ಹುಡುಗನಿಗೆ ಬ್ಯಾಂಕ್ ತಾಳೆಪಟ್ಟಿ ಮಾಡಲು ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ, ಬ್ಯಾಡ್ಜ್ ಆದರೆ ತಿಳಿಸುತ್ತದೆ, ಅಂದರು. ತರಗತಿಯ ಹೊರಗೆ, ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಮನೆಯಲ್ಲಿ ಕಲಿತದ್ದಕ್ಕೂ ಇದು ಕಣ್ಣಿಗೆ ಕಾಣುವ ಗುರುತಾಗಬೇಕೆಂಬುದು ಮೂಲ ಆಸೆ, ಅಂತಲೂ ಅಂದರು.

ಆ ಕೊನೆಯ ಮಾತನ್ನು ನಾನು ನೋಟ್ ಮಾಡಿಕೊಂಡಿದ್ದೆ. ಪುಸ್ತಕ ಈಗಲೂ ಇದೆ. ಅದರ ಕೆಳಗೇ ಎರಡು ಗೆರೆ ಎಳೆದು ಬರೆದುಕೊಂಡಿರುವುದು ಮಾತ್ರ ‘ಉಚಿತ ಖಾತೆ ಸಿಗುತ್ತದೆ’.

2021ರ ಹೊತ್ತಿಗೆ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿಯ ಗಾಳಿ. ಎಲ್ಲರ ಬಾಯಲ್ಲೂ ಕೌಶಲ, ಕ್ರೆಡಿಟ್, ಅಕಾಡೆಮಿಕ್ ಬ್ಯಾಂಕ್. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ವರ್ಷವರ್ಷವೂ ಕಳಿಸುತ್ತಿದ್ದ ವರದಿಯಲ್ಲಿ ಸರ್ಟಿಫಿಕೇಟ್ ಕೋರ್ಸುಗಳು ಎಷ್ಟು, ಸೇರಿದ ವಿದ್ಯಾರ್ಥಿಗಳು ಎಷ್ಟು ಎಂಬ ಅಂಕಣಗಳಿದ್ದವು. ನಮ್ಮವು ಬಡಕಲಾಗಿದ್ದವು. ಪ್ರಾಂಶುಪಾಲರು ‘ಏನಾದರೂ ಮಾಡಿ ಮೇಷ್ಟ್ರೇ’ ಅಂದರು. ನಾನು ಮಾಡಿದೆ.

ಕೋರ್ಸಿನ ಹೆಸರು ‘ಎಕ್ಸೆಲ್ ಮೂಲಕ ದತ್ತಾಂಶ ವಿಶ್ಲೇಷಣೆ’. ಬ್ಯಾಡ್ಜಿನ ಹೆಸರು ‘ಡೇಟಾ ಅನಾಲಿಸ್ಟ್, ಲೆವೆಲ್ 1’. ಲೆವೆಲ್ 2 ಎಂಬುದು ಇರಲಿಲ್ಲ, ಅದರ ಯೋಚನೆಯೂ ಇರಲಿಲ್ಲ. ಒಂದು ಎಂದು ಹಾಕಿದರೆ ಹಿಂದೆ ದೊಡ್ಡ ಕಟ್ಟಡವೇ ಇದೆ ಅನ್ನಿಸುತ್ತದಲ್ಲ, ಅದಕ್ಕೆ ಹಾಕಿದ್ದು. ಲಾಂಛನ ಮಾಡುವುದರಲ್ಲಿ ಮಾತ್ರ ನಾನು ಯಾವ ಉದಾಸೀನವನ್ನೂ ತೋರಲಿಲ್ಲ. ನಡುವೆ ತೆಂಗಿನ ಮರ, ಹಿಂದೆ ಮೇಲಕ್ಕೇರುವ ಕಂಬಚಿತ್ರ, ಸುತ್ತ ಬಂಗಾರದ ಬಳೆ, ಕೆಳಗೆ ಕೆಂಪು ರಿಬ್ಬನ್. ಬಂಗಾರದ ಬಣ್ಣ ಅರಿಸಿನದ ಹಾಗೆ ಕಾಣುತ್ತಿದೆ ಎಂದು ರಾತ್ರಿ ಹನ್ನೊಂದರವರೆಗೆ ಕೂತು ತಿದ್ದಿದ್ದುಂಟು. ಮನೆಯವಳು ಒಮ್ಮೆ ಹಿಂದಿನಿಂದ ಇಣುಕಿ ‘ಪಾಠಕ್ಕೆ ಇಷ್ಟು ಹೊತ್ತು ಕೂತಿದ್ದು ನಾನು ನೋಡಿಲ್ಲ ಕಣ್ರೀ’ ಅಂದಳು. ಪಾಠಕ್ಕೆ ಅಂತರ್ಜಾಲದಲ್ಲಿ ಸಿಕ್ಕ ಸ್ಲೈಡುಗಳಿದ್ದವು.

ತರಗತಿ ನಡೆದದ್ದು ಎರಡನೆಯ ಅಲೆಯ ಕಾಲದಲ್ಲಿ, ಗೂಗಲ್ ಮೀಟಿನಲ್ಲಿ, ಕೆಲವು ಸಂಜೆ. ಮಕ್ಕಳ ಬಳಿ ಇದ್ದದ್ದು ಫೋನು. ಎಕ್ಸೆಲ್ ಅನ್ನು ಅಂಗೈಯಗಲದ ಫೋನಿನಲ್ಲಿ ಕಲಿಯಲು ಹೇಳುವುದು ಎಂಥ ಕೆಲಸವೆಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಕೆಲವರು ನೆಟ್‌ವರ್ಕ್‌ಗಾಗಿ ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂತಿರುತ್ತಿದ್ದರು. ಹಾಜರಿ ತೆಗೆಯುವಾಗ ಕರುವಿನ ಕೂಗು, ಹಾಲಿನ ಡೇರಿಯ ಮೈಕು ಎಲ್ಲ ಕೇಳಿಸುತ್ತಿತ್ತು. ನಾನು ಪರದೆಯ ಮೇಲೆ ತೋರಿಸುತ್ತ ಹೋದೆ, ಅವರು ನೋಡುತ್ತ ಹೋದರು, ಅಥವಾ ಫೋನನ್ನು ಮಂಚದ ಮೇಲಿಟ್ಟು ತಮ್ಮ ಕೆಲಸಕ್ಕೆ ಹೋದರು. ನಡುವೆ ಕೇಳುತ್ತಿದ್ದ ಪ್ರಶ್ನೆ ಒಂದೇ, ‘ಸರ್, ಬ್ಯಾಡ್ಜ್ ಯಾವಾಗ ಬರುತ್ತೆ?’ ಕೊನೆಗೆ ಒಂದು ಕ್ವಿಜ್. ನನಗೆ ಗೊತ್ತಿದ್ದ ಪರೀಕ್ಷಾ ಪದ್ಧತಿ ಅದೊಂದೇ ಎಂಬಂತೆ ಗೂಗಲ್ ಫಾರ್ಮ್ ಕಳಿಸಿದೆ. ಒಮ್ಮೆ ಬರೆದು ಸಲ್ಲಿಸಿದರೆ ಸರಿಯುತ್ತರ ತೋರಿಸುತ್ತಿತ್ತು, ಮತ್ತೆ ಬರೆಯಲೂ ಬಿಡುತ್ತಿತ್ತು. ಎಲ್ಲರೂ ಮೇಧಾವಿಗಳಾದರು.

ಬ್ಯಾಡ್ಜ್ ಕೊಡುವ ತಂತ್ರಾಂಶದಲ್ಲಿ ಕೆಲವು ಖಾನೆಗಳನ್ನು ತುಂಬಬೇಕಿತ್ತು. ಮಾದರಿಗೆಂದು ಒಂದು ಸಿದ್ಧ ಬ್ಯಾಡ್ಜ್ ಅವರೇ ಇಟ್ಟಿದ್ದರು. ನಾನು ಅದನ್ನೇ ನಕಲು ಮಾಡಿ ಹೆಸರು ಬದಲಿಸಿದೆ, ಚಿತ್ರ ಬದಲಿಸಿದೆ. ಮಾನದಂಡ ಎಂಬ ಖಾನೆ ಖಾಲಿ ಬಿಡುವಂತಿಲ್ಲ, ಅದರಲ್ಲಿ ಆಗಲೇ ಏನೋ ಇಂಗ್ಲಿಷ್ ವಾಕ್ಯವಿತ್ತು, ಇರಲಿ ಎಂದು ಬಿಟ್ಟೆ. ಸಾಕ್ಷ್ಯ ಎಂಬ ಖಾನೆ ಐಚ್ಛಿಕ. ಐಚ್ಛಿಕ ಎಂದ ಮೇಲೆ ಅದನ್ನು ತುಂಬುವ ಕನ್ನಡಿಗ ಮೇಷ್ಟ್ರು ಇನ್ನೂ ಹುಟ್ಟಬೇಕು. ಹೆಸರು, ಇಮೇಲುಗಳ ಪಟ್ಟಿ ಏರಿಸಿ ಗುಂಡಿ ಒತ್ತಿದೆ. ಇನ್ನೂರರ ಹತ್ತಿರ ಡೇಟಾ ಅನಾಲಿಸ್ಟರು ಒಂದೇ ಕ್ಷಣದಲ್ಲಿ ನಮ್ಮ ತಾಲ್ಲೂಕಿನಲ್ಲಿ ಜನಿಸಿದರು. ಪ್ರಾಂಶುಪಾಲರು ಪತ್ರಿಕೆಯ ಸ್ಥಳೀಯ ವರದಿಗಾರರಿಗೆ ಫೋನ್ ಮಾಡಿದರು. ಸುದ್ದಿ ಬಂತು, ನನ್ನ ಫೋಟೋದ ಸಮೇತ. ಅದೂ ಫೈಲಿಗೆ ಸೇರಿತು.

ಮಾರನೆಯ ವರ್ಷ ಬೆಂಗಳೂರಿನಿಂದ ಲೆಕ್ಕಪತ್ರ ಸೇವೆಯ ಒಂದು ಕಂಪನಿ ಕ್ಯಾಂಪಸ್ ಸಂದರ್ಶನಕ್ಕೆ ಬಂತು. ನಮ್ಮಂಥ ಊರಿಗೆ ಅದು ಜಾತ್ರೆಯೇ. ವಾಣಿಜ್ಯ ಲ್ಯಾಬನ್ನು ಗುಡಿಸಿ, ಮೇಜಿಗೆ ಬಟ್ಟೆ ಹಾಸಿ, ಬಿಸ್ಕತ್ತು ಇಟ್ಟೆವು. ಸಂದರ್ಶನಕ್ಕೆ ಬಂದ ಹೆಣ್ಣುಮಗಳಿಗೆ ಮೂವತ್ತರ ಆಚೀಚೆ ವಯಸ್ಸು. ಹಾಸನದ ಕಡೆಯವರಂತೆ, ಕನ್ನಡದಲ್ಲೇ ಮಾತಾಡುತ್ತಿದ್ದರು. ಪ್ಲೇಸ್‌ಮೆಂಟ್ ಹೊಣೆಯೂ ನನ್ನದೇ ಆದ್ದರಿಂದ ನಾನು ಮೂಲೆಯ ಕುರ್ಚಿಯಲ್ಲಿ ಹೆಣ್ಣಿನ ಕಡೆಯವನ ಹಾಗೆ ಕೈಕಟ್ಟಿ ಕೂತಿದ್ದೆ.

ಅಂತಿಮ ಬಿ.ಕಾಂ.ನ ಒಬ್ಬ ಹುಡುಗಿ ಒಳಗೆ ಬಂದಳು. ಹೆಚ್ಚು ಮಾತಿಲ್ಲದವಳು, ಬಸ್ಸು ತಪ್ಪುತ್ತದೆ ಎಂದು ಕೊನೆಯ ಪಿರಿಯಡ್ ಬಿಟ್ಟು ಹೋಗುವವಳು ಎಂಬಷ್ಟೇ ನನಗೆ ಗೊತ್ತಿದ್ದದ್ದು. ಬಯೋಡೇಟಾದಲ್ಲಿ ನನ್ನ ಬ್ಯಾಡ್ಜಿನ ಕೊಂಡಿ ಹಾಕಿಕೊಂಡಿದ್ದಳು. ಹಾಕಿಕೊಳ್ಳಿ ಎಂದು ಎಲ್ಲರಿಗೂ ಹೇಳಿದವನು ನಾನೇ. ಸಂದರ್ಶಕಿ ಲ್ಯಾಪ್‌ಟಾಪಿನಲ್ಲಿ ಅದರ ಮೇಲೆ ಕ್ಲಿಕ್ ಮಾಡಿದರು.

ಅದುವರೆಗೆ ಯಾರೂ ಕ್ಲಿಕ್ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ.

ಅವರು ಸ್ವಲ್ಪ ಹೊತ್ತು ಪರದೆ ನೋಡಿದರು. ಹುಬ್ಬು ಗಂಟಿಕ್ಕಲಿಲ್ಲ, ನಗಲೂ ಇಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ, ‘ಸರ್, ಇದು ನಿಮ್ಮ ಕಾಲೇಜಿನದೇ ಅಲ್ವಾ?’ ಅಂದರು. ‘ಹೌದು ಮೇಡಂ, ನಾನೇ ಕೋಆರ್ಡಿನೇಟರ್’ ಅಂದೆ, ಸ್ವಲ್ಪ ಎದೆಯುಬ್ಬಿಸಿಯೇ. ‘ಹಂಗಾದ್ರೆ ಇಲ್ಲಿ ಏನು ಬರ್ದಿದೆ ನೋಡಿ’ ಅಂದರು. ನೋಡಿದೆ. ಮೇಲೆ ನನ್ನ ತೆಂಗಿನ ಮರ, ಬಂಗಾರದ ಬಳೆ ಥಳಥಳ ಹೊಳೆಯುತ್ತಿತ್ತು. ಮಾನದಂಡ ಎಂಬಲ್ಲಿ ಇಂಗ್ಲಿಷಿನಲ್ಲಿ, ಈ ಬ್ಯಾಡ್ಜ್ ಪಡೆಯಲು ಕಲಿಯುವವರು ಏನು ಮಾಡಬೇಕೆಂಬುದನ್ನು ಇಲ್ಲಿ ವಿವರಿಸಿ, ಎಂದಿತ್ತು. ಸಾಕ್ಷ್ಯ: ಇಲ್ಲ. ಕೆಳಗೆ ಕೊಟ್ಟವರ ಹೆಸರು: ನನ್ನದು, ಡಾಕ್ಟರೇಟ್ ಸಮೇತ.

ಆಗಲಾದರೂ ಒಪ್ಪಿಕೊಂಡಿದ್ದರೆ ಈ ಬರಹ ಅರ್ಧಕ್ಕೇ ಮುಗಿಯುತ್ತಿತ್ತು. ನಾನು ‘ಅದು ಸರ್ವರ್ ಪ್ರಾಬ್ಲಂ ಮೇಡಂ, ಅಪ್‌ಡೇಟ್ ಆಗಿಲ್ಲ’ ಅಂದೆ. ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಆ ಹೆಣ್ಣುಮಗಳಿಗೆ ಅದು ಸುಳ್ಳೆಂದು ತಕ್ಷಣ ತಿಳಿಯಿತು, ದಿನಾ ಸರ್ವರ್‌ಗಳ ನಡುವೆ ಕೆಲಸ ಮಾಡುವವರು. ಆದರೂ ಮರ್ಯಾದೆಗೆ ‘ಇರ್ಬೋದು ಸರ್’ ಅಂದರು. ನನ್ನನ್ನು ಹೆಚ್ಚು ಕುಗ್ಗಿಸಿದ್ದು ಅವರಲ್ಲ. ಎದುರು ಕೂತಿದ್ದ ಹುಡುಗಿ. ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ತನ್ನ ಬಯೋಡೇಟಾದ ಹಾಳೆ ನೋಡಿಕೊಂಡಳು. ಕಳ್ಳನೋಟು ಕೈಗೆ ಬಂದಿದೆ ಎಂದು ಅಂಗಡಿಯ ಮುಂದೆ ನಿಂತಾಗ ಗೊತ್ತಾದವರ ಮುಖ ಹೇಗಿರುತ್ತದೋ ಹಾಗಿತ್ತು. ನೋಟು ಕೊಟ್ಟವನು ಅಲ್ಲೇ ಮೂಲೆಯಲ್ಲಿ ಬಿಸ್ಕತ್ತಿನ ತಟ್ಟೆ ಸರಿಮಾಡುತ್ತಿದ್ದ.

ಸಂದರ್ಶಕಿ ವಿಷಯ ಬೆಳೆಸಲಿಲ್ಲ. ತಮ್ಮಲ್ಲಿದ್ದ ಒಂದು ಶೀಟ್ ತೆರೆದು, ಬಿಲ್ಲುಗಳ ಉದ್ದ ಪಟ್ಟಿ ತೋರಿಸಿ, ‘ತಿಂಗಳವಾರು, ಗ್ರಾಹಕರವಾರು ಬಾಕಿ ಎಷ್ಟು ತೆಗೀತೀರಾಮ್ಮ?’ ಅಂದರು. ಹುಡುಗಿ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಪಿವೋಟ್ ಟೇಬಲ್ ಹಾಕಿದಳು. ಒಂದೇ ಗ್ರಾಹಕನ ಹೆಸರು ಎರಡು ಥರ ಟೈಪಾಗಿದ್ದದ್ದನ್ನು ತಾನೇ ಕಂಡು ‘ಮೇಡಂ, ಇವರಿಬ್ರೂ ಒಬ್ರೇ ಅಲ್ವಾ?’ ಎಂದು ಕೇಳಿ ಸರಿಮಾಡಿದಳು. ಕೊನೆಗೆ ಯಾರೂ ಹೇಳದಿದ್ದರೂ ತೊಂಬತ್ತು ದಿನ ಮೀರಿದ ಬಾಕಿಗೆ ಕೆಂಪು ಬಣ್ಣ ಕೊಟ್ಟಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಇದ್ಯಾವುದನ್ನೂ ನಾನು ಕಲಿಸಿರಲಿಲ್ಲ. ಹೆಸರು ಸರಿಮಾಡುವ ಉಪಾಯ ನನಗೇ ಬರುತ್ತಿರಲಿಲ್ಲ.

ಎಲ್ಲಿ ಕಲಿತದ್ದು ಎಂದು ಅವರು ಕೇಳಿದಾಗ ತಿಳಿಯಿತು. ಸೋದರಮಾವನದು ಕೊಬ್ಬರಿ ಮಂಡಿ. ಪಿಯುಸಿಯಿಂದಲೂ ಅಲ್ಲಿಯ ಲೆಕ್ಕ ಇವಳದು. ಚೀಲ, ತೂಕ, ಹಮಾಲಿ, ಕಮಿಷನ್, ರೈತರಿಗೆ ಕೊಟ್ಟ ಮುಂಗಡ, ಹರಾಜಿನ ದಿನದ ದರ. ಬಸ್ಸು ತಪ್ಪುತ್ತದೆ ಎಂದು ಕೊನೆಯ ಪಿರಿಯಡ್ ಬಿಡುತ್ತಿದ್ದದ್ದು ಮಂಡಿಗೆ ಹೋಗಲಿಕ್ಕೆ.

ಅವಳು ಆ ಸುತ್ತು ದಾಟಿದಳು. ಆಮೇಲಿನ ಇಂಗ್ಲಿಷ್ ಮಾತುಕತೆಯ ಸುತ್ತಿನಲ್ಲಿ ಕೈಬಿಟ್ಟರು. ಅದು ಬೇರೆಯೇ ಕಥೆ, ನಮ್ಮ ಕಡೆಯ ಮಕ್ಕಳದು ಎಂದೂ ಮುಗಿಯದ ಕಥೆ.

ಮಾರನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಬೈಯುತ್ತಾಳೇನೋ ಎಂದು ನಾನು ಕಾಯುತ್ತಿದ್ದರೆ, ತೀರಾ ಸಹಜವಾಗಿ ಕೇಳಿದಳು. ‘ಸರ್, ಆ ಬ್ಯಾಡ್ಜ್ ತೆಗೆಯೋದು ಹೆಂಗೆ?’

ನನಗೆ ಗೊತ್ತಿರಲಿಲ್ಲ. ಕೊಡುವುದು ಹೇಗೆಂದಷ್ಟೇ ಕಲಿತಿದ್ದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ ಎಂದರೆ ಅತಿಯಾದೀತು, ನನಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ. ಆದರೆ ಒಂದು ಲೆಕ್ಕ ತಲೆಯಲ್ಲಿ ತಿರುಗುತ್ತಲೇ ಉಳಿಯಿತು. ಆ ಇನ್ನೂರು ಜನರಲ್ಲಿ ಗೆಳೆಯನ ಕೈಗೆ ಫೋನು ಕೊಟ್ಟು ಕ್ರಿಕೆಟ್ ಆಡಲು ಹೋದವನೂ ಇದ್ದ, ಅವನಿಗೂ ಇದೇ ತೆಂಗಿನ ಮರ, ಇದೇ ಬಂಗಾರದ ಬಳೆ. ಅವನಿಗೆ ನನ್ನಿಂದ ನಷ್ಟವೇನೂ ಆಗಲಿಲ್ಲ, ಬಂದದ್ದೇ ಲಾಭ. ನಷ್ಟವಾದದ್ದು ಕೆಲಸ ಬರುತ್ತಿದ್ದವಳಿಗೆ. ತರಗತಿಯ ಹೊರಗೆ ಕಲಿತದ್ದಕ್ಕೆ ಗುರುತು ಸಿಗಬೇಕು ಎಂದು ಹತ್ತು ವರ್ಷದ ಹಿಂದೆ ಯಾರೋ ಕನಸು ಕಂಡಿದ್ದರಲ್ಲ, ಅವರು ಆಗ ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು ಇಂಥ ಮಂಡಿಯ ಹುಡುಗಿಯನ್ನೇ. ಆ ಸಾಧನ ಸಾಗರ ದಾಟಿ ನಮ್ಮೂರಿಗೆ ಬಂತು, ಉಚಿತವಾಗಿ ನನ್ನ ಕೈಗೆ ಸಿಕ್ಕಿತು, ನಾನು ಅದರಲ್ಲಿ ಹಾಜರಿ ಹಾಕಿದೆ. ನಿನಗೆ ಏನು ಬರುತ್ತದಮ್ಮ ಎಂಬ ಒಂದು ಪ್ರಶ್ನೆಯನ್ನು ಅಷ್ಟು ಸಂಜೆಗಳಲ್ಲಿ ಒಬ್ಬರಿಗೂ ಕೇಳಲಿಲ್ಲ.

ತಂತ್ರಜ್ಞಾನವನ್ನು ಬೈದು ಪಾರಾಗಬಹುದಿತ್ತು. ಮೇಷ್ಟ್ರುಗಳಿಗೆ ಅದು ಸುಲಭದ ದಾರಿ, ಸಭೆಯಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಯೋಗ್ಯತೆ ಕೊಡುವುದು ನಮಗೇನೂ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳಿವೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ನಮ್ಮಪ್ಪ ‘ಜಾಣ’ ಪಾಸಾಗಿದ್ದರು. ಸಂತೆಯಲ್ಲಿ ಕೊಳೆತ ಟೊಮ್ಯಾಟೊ ತಂದ ದಿನ ಅಮ್ಮ ‘ಜಾಣರು ಬಂದ್ರು’ ಎನ್ನುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಒಂದರ ಮೇಲೊಂದು ಬರೆದು ‘ರಾಷ್ಟ್ರಭಾಷಾ’ವರೆಗೆ ಏರಿದೆ, ಪೂರಾ ಗೈಡಿನ ಬಲದಿಂದ. ಮುಂದೆ ದೆಹಲಿಯ ರೈಲು ನಿಲ್ದಾಣದಲ್ಲಿ ಬಿಸಿನೀರು ಕೇಳಲು ನಾನು ಪಟ್ಟ ಪಾಡನ್ನು ಆ ಸಭೆಯವರು ನೋಡಿದ್ದರೆ ಪ್ರಮಾಣಪತ್ರ ವಾಪಸು ತೆಗೆದುಕೊಳ್ಳುತ್ತಿದ್ದರು. ಆಗ ನಮ್ಮ ಬೀದಿಯಲ್ಲೇ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅಲ್ಲಿ ‘ಸೀನಿಯರ್’ ಪಾಸಾದ ಅಕ್ಕಂದಿರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಗಡಿಯಾರ ಇಟ್ಟುಕೊಂಡು, ಯಂತ್ರದ ಮುಂದೆ ಕೂರಿಸಿ, ಹೊಡೆದ ಹಾಳೆಯಲ್ಲಿ ತಪ್ಪು ಎಣಿಸುತ್ತಿದ್ದರು. ಹಾಳೆಯೇ ಸಾಕ್ಷಿ. ಆ ಪ್ರಮಾಣಪತ್ರದ ಬಣ್ಣ ಯಾವುದಿತ್ತೋ ನನಗೆ ನೆನಪಿಲ್ಲ, ಅದರಲ್ಲಿ ರಿಬ್ಬನ್ ಇತ್ತೋ ಇಲ್ಲವೋ ಅದೂ ಇಲ್ಲ.

ರಿಬ್ಬನ್ ಎಂದದ್ದಕ್ಕೆ ನೆನಪಾಯಿತು. ಮನಶ್ಶಾಸ್ತ್ರದ ಸಹೋದ್ಯೋಗಿಯೊಬ್ಬರ ಹತ್ತಿರ ಈ ಕಥೆ ಹೇಳಿಕೊಂಡಾಗ ಅವರು ನಕ್ಕು, 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಹೇಳಿದರು. ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಮಾಡಿದ್ದು. ಚಿತ್ರ ಬರೆಯುವುದನ್ನು ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಬರೆದರೆ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಹೇಳದೆ ಕೊಟ್ಟರು. ಕೆಲವರಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಕೆಲವು ದಿನ ಬಿಟ್ಟು ಬಣ್ಣದ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದಾಗ, ಮೊದಲೇ ಆಸೆ ಹಚ್ಚಿಸಿಕೊಂಡಿದ್ದ ಮಕ್ಕಳು ಉಳಿದವರು ಕೂತದ್ದರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಮುಂದೆ ಕೂತರಂತೆ. ಆ ಪ್ರಮಾಣಪತ್ರ ಹೇಗಿತ್ತು ಗೊತ್ತೇ, ಎಂದು ಅವರೇ ಕೇಳಿದರು. ಬಂಗಾರದ ಮುದ್ರೆ, ರಿಬ್ಬನ್. ನನ್ನ ಕೋರ್ಸಿನ ವಾಟ್ಸ್‌ಆ್ಯಪ್ ಗುಂಪು ಬ್ಯಾಡ್ಜ್ ತಲುಪಿದ ಸಂಜೆಯಿಂದ ನಿಶ್ಶಬ್ದವಾಗಿತ್ತು. ಎಲ್ಲರಿಗೂ ಅರ್ಥವಾಗಿದೆ ಎಂದು ನಾನು ತಿಳಿದಿದ್ದೆ.

ನನ್ನ ಫೈಲಿನಲ್ಲೂ ನಂಬಬಹುದಾದ ಒಂದು ಹಾಳೆಯಿದೆ, ಹೇಳಬೇಕು. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆಯದು. ಪಾಠ ಬಿಟ್ಟಿ, ಪ್ರಮಾಣಪತ್ರ ಬೇಕಾದರೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು, ನಾನು ಬರೆದಾಗ ಶುಲ್ಕ 1000 ರೂಪಾಯಿ. ಮನೆಗೆಲಸಕ್ಕೆ 25, ಪರೀಕ್ಷೆಗೆ 75. ಮನೆಗೆಲಸದ ಉತ್ತರಗಳನ್ನು ಯೂಟ್ಯೂಬಿನಲ್ಲಿ ಹುಡುಕಿ ಹಾಕಿದೆ, ಅಲ್ಲಿ ಚೆನ್ನಾಗಿ ಬಂತು. ಪರೀಕ್ಷೆಯಲ್ಲಿ ಬಂಡವಾಳ ಬಯಲಾಯಿತು. 90 ದಾಟಿದವರಿಗೆ ಚಿನ್ನ, 75 ದಾಟಿದವರಿಗೆ ಬೆಳ್ಳಿ, ನನಗೆ ಬರಿಯ ಪಾಸು. ಎರಡೂ ಅಂಕಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಹಾಕಿಬಿಟ್ಟಿದ್ದಾರೆ, ನೋಡಿದವರಿಗೆ ಎಲ್ಲ ತಿಳಿಯುತ್ತದೆ. ಅದನ್ನು ಫೈಲಿನ ಕೊನೆಗೆ, ಯೋಗದ್ದರ ಹಿಂದೆ ಇಟ್ಟಿದ್ದೆ.

ಕೊಟ್ಟ ಬ್ಯಾಡ್ಜುಗಳ ರಿಪೇರಿಗೆ ಇಳಿದೆ. ಎಲ್ಲರಿಗೂ ಬರೆದೆ: ನೀವು ಮಾಡಿದ ಒಂದು ಲೆಕ್ಕದ ಕೆಲಸ ಕಳಿಸಿ, ನೋಡಿ, ಏನು ಬರುತ್ತದೆಂದು ಬರೆದು ಹೊಸ ಬ್ಯಾಡ್ಜ್ ಕೊಡುತ್ತೇನೆ. ಬೆರಳೆಣಿಕೆಯಷ್ಟು ಬಂದವು. ಆದರೆ ಎಂಥವು! ಡೇರಿ ಸೆಕ್ರೆಟರಿಯ ಮಗನೊಬ್ಬ ಪ್ರತಿ ಮನೆಯ ಹಾಲಿನ ಲೀಟರು, ಫ್ಯಾಟು, ವಾರದ ಪಾವತಿ ಹಾಕಿ ಬೇಸಿಗೆಯಲ್ಲಿ ಯಾರ ಹಾಲು ಎಷ್ಟು ಇಳಿಯಿತೆಂದು ಗೆರೆ ಎಳೆದು ತೋರಿಸಿದ್ದ. ಒಬ್ಬಳು ಅಮ್ಮನ ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕವನ್ನು ಶೀಟಿಗೆ ಇಳಿಸಿದ್ದಳು, ಬಡ್ಡಿ ಒಂದು ಕಡೆ ತಪ್ಪಾಗಿತ್ತು. ಅದನ್ನು ಹಿಡಿಯಲು ನನಗೆ ಒಂದು ಇಡೀ ಸಂಜೆ ಬೇಕಾಯಿತು, ಆಮೇಲೆ ಅವಳನ್ನು ಕೂರಿಸಿಕೊಂಡು ಸರಿಮಾಡಲು ಇನ್ನೊಂದು. ಇನ್ನೂರು ಬ್ಯಾಡ್ಜ್ ಒಂದು ಗುಂಡಿಯಲ್ಲಿ ಹೋಗಿದ್ದವು, ಈಗ ಒಂದಕ್ಕೆ ಎರಡು ಸಂಜೆ. ಈ ವ್ಯವಹಾರದಲ್ಲಿ ತುಟ್ಟಿಯಾದದ್ದು ಯಾವುದೆಂದು ಯಾವ ಕಾರ್ಯಾಗಾರದಲ್ಲೂ ಹೇಳಿರಲಿಲ್ಲ. ತಂತ್ರಾಂಶ ಉಚಿತ. ಕೂತು ನೋಡುವ ಮೇಷ್ಟ್ರಿಗೆ ಸಮಯವಿಲ್ಲ, ಆ ಸಮಯಕ್ಕೆ ವರ್ಕ್‌ಲೋಡ್‌ನಲ್ಲಿ ಜಾಗವೂ ಇಲ್ಲ.

ಮಂಡಿಯ ಹುಡುಗಿಗೆ ನಾನೇ ಫೋನ್ ಮಾಡಿ ಕೇಳಿದೆ. ಅವಳದಕ್ಕಿಂತ ಒಳ್ಳೆಯ ಸಾಕ್ಷ್ಯ ಎಲ್ಲಿ ಸಿಗಬೇಕು? ಅವಳು ಸ್ವಲ್ಪ ತಡೆದು, ‘ಬೇಡ ಸರ್. ಅದ್ರಲ್ಲಿ ಯಾರು ಎಷ್ಟು ಮುಂಗಡ ತಗೊಂಡವ್ರೆ ಅಂತೆಲ್ಲಾ ಇದೆ. ಮಾವನ ಮಂಡಿ ಲೆಕ್ಕಾನ ಊರಿಗೆಲ್ಲ ತೋರ್ಸೋಕಾಗುತ್ತಾ?’ ಅಂದಳು. ಹೆಸರು ತೆಗೆದು ಕಳಿಸು ಅಂದೆ. ‘ಚೀಲದ ಲೆಕ್ಕ ನೋಡಿದ್ರೆ ಯಾರ್ದು ಅಂತ ನಮ್ಮೂರಲ್ಲಿ ಹೇಳ್ಬಿಡ್ತಾರೆ ಸರ್’ ಅಂದಳು. ಲೆಕ್ಕ ಬರೆಯುವವರು ಮೊದಲು ಕಲಿಯಬೇಕಾದದ್ದನ್ನೂ ಅವಳು ಕಲಿತಿದ್ದಳು, ಅದನ್ನು ಯಾವ ಖಾನೆಯಲ್ಲಿ ತುಂಬುವುದೋ ನನಗೆ ತಿಳಿಯಲಿಲ್ಲ. ‘ಹಳೇದು ತೆಗ್ದುಬಿಡಿ ಸರ್, ಸಾಕು’ ಅಂದಳು.

ಆ ವರ್ಷದ ವರದಿಯ ಹೊತ್ತಿಗೆ ಪ್ರಾಂಶುಪಾಲರು ಎಷ್ಟು ಬ್ಯಾಡ್ಜ್ ಎಂದು ಕೇಳಿದರು. ಹೊಸ ಸಂಖ್ಯೆ ಹೇಳಿದೆ. ‘ಹೋದ ವರ್ಷ ಇನ್ನೂರಿತ್ತಲ್ರೀ!’ ಅಂದರು. ಇತ್ತು ಸಾರ್, ಅಂದೆ. ಅವರು ನನ್ನನ್ನು ನೋಡಿದ ರೀತಿಗೆ, ಮುಂದಿನ ವರ್ಷ ಆ ಹೊಣೆ ಇನ್ನೊಬ್ಬರ ಪಾಲಾಗುತ್ತದೆಂದು ಗೊತ್ತಾಯಿತು. ಆಯಿತು ಕೂಡ.

ಹೊಣೆ ಒಪ್ಪಿಸುವ ಮೊದಲು ಆ ಹುಡುಗಿಯ ಬ್ಯಾಡ್ಜ್ ಹಿಂತೆಗೆಯಲು ಕೂತೆ. ತಂತ್ರಾಂಶದಲ್ಲಿ ಅದಕ್ಕೂ ದಾರಿಯಿದೆ, ಆದರೆ ಹಿಂತೆಗೆದ ಕಾರಣ ಬರೆಯಲೇಬೇಕು, ಈ ಖಾನೆ ಐಚ್ಛಿಕವಲ್ಲ, ಮಾದರಿ ವಾಕ್ಯವೂ ಇಲ್ಲ. ‘ತಪ್ಪಾಗಿ ನೀಡಲಾಗಿದೆ’ ಎಂದು ಹೊಡೆದೆ. ಓದಿದವರು ಇವಳಿಗೇ ಏನೂ ಬರುವುದಿಲ್ಲ ಎಂದುಕೊಂಡಾರು ಎಂದು ಅಳಿಸಿದೆ. ಆಮೇಲೆ ಬಹಳ ಹೊತ್ತು ಕೂತು ಎರಡು ವಾಕ್ಯ ಬರೆದೆ. ಈ ವಿದ್ಯಾರ್ಥಿನಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ. ಬ್ಯಾಡ್ಜ್ ಅದನ್ನು ಹೇಳುವುದಿಲ್ಲವಾದ್ದರಿಂದ, ನೀಡಿದವನ ಅಜಾಗರೂಕತೆಯ ಕಾರಣ, ಹಿಂತೆಗೆದುಕೊಳ್ಳಲಾಗಿದೆ. ಗುಂಡಿ ಒತ್ತಿದರೆ ಅಕ್ಷರಗಳು ಮಿತಿ ಮೀರಿವೆ ಎಂದಿತು. ಹಾಗೆ ತಿರುಗಿಸಿ ಹೀಗೆ ತಿರುಗಿಸಿ ನೋಡಿದೆ, ಎರಡು ವಾಕ್ಯ ಹಿಡಿಸಲಿಲ್ಲ. ಕೊನೆಗೆ ಎರಡನೆಯದನ್ನು ಕತ್ತರಿಸಿದೆ. ಈಗ ಯಾರಾದರೂ ಆ ಹಳೆಯ ಕೊಂಡಿಯನ್ನು ಒತ್ತಿದರೆ ಕಾಣುವುದು ಇಷ್ಟು: ಬ್ಯಾಡ್ಜ್ ಹಿಂತೆಗೆಯಲಾಗಿದೆ. ಕಾರಣ, ಈ ವಿದ್ಯಾರ್ಥಿನಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ.